ಮೂರು ದಿನ ಹೊರಗೆ

ಜನವರಿ 12, ಸೋಮವಾರ

ಬರೆಯಲು ಕೂತದ್ದಕ್ಕೆ ಮೊದಲು ಕ್ಷಮೆ ಇರಲಿ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ ಎಂದು ನನಗೂ ಗೊತ್ತಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳು ನಾನು. ಅಲ್ಲಿ ಭಾನುವಾರ ಮನೆಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು, ಮೇಟ್ರನ್ ಓದಿದ ಮೇಲೆಯೇ ಅದು ಪೋಸ್ಟಿಗೆ. ಮೊದಲ ಸಾಲಿನಲ್ಲಿ ತಡವಾದದ್ದಕ್ಕೆ ಸಾರಿ, ಕೊನೆಯ ಸಾಲಿನಲ್ಲಿ ಶೀಘ್ರ ಉತ್ತರದ ನಿರೀಕ್ಷೆ. ನಡುವೆ ಎಂತದೂ ಇರುತ್ತಿರಲಿಲ್ಲ. ಕೈಗೆ ಆ ಅಭ್ಯಾಸ ಇನ್ನೂ ಹೋಗಿಲ್ಲ.

ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಭಾಷಾಪ್ರೇಮ ಅಲ್ಲ. ನನ್ನ ರೂಮಿನ ತೃಷಾ ಕನ್ನಡ ಮಾತಾಡುತ್ತಾಳೆ. ಆದರೆ ಅವಳ ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಮಲಯಾಳಂ. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ. ಮಲಯಾಳಂ ಓದಿದವರೇ ತುಂಬಿದ ನಾಯ್ಮಾರ್ಮೂಲೆಯ ಈ ಹಾಸ್ಟೆಲಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ ಇರಬೇಕು. ಪುಸ್ತಕಕ್ಕೆ ಬೇರೆ ಬೀಗ ಬೇಡ.

ವಿಷಯ ಇಷ್ಟು. ಮೇಲಿನ ಮಾಳಿಗೆಯಲ್ಲಿ ನಿನ್ನೆಯಿಂದ ವಾಂತಿ. ಮೊದಲು ಒಬ್ಬಳು, ಬೆಳಗಾಗುವಾಗ ಆ ರೂಮಿನ ಎಲ್ಲರೂ. ಎಲ್ಲರೂ ಕೈ ಶುಚಿಯಾಗಿಡಿ ಎಂದು ವಾರ್ಡನ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಾರೆ. ನನಗೆ ಅದನ್ನು ಹೇಳಬೇಕಾಗಿಲ್ಲ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಸ್ಯಾನಿಟೈಸರ್ ಬಾಟಲಿ ಇಲ್ಲದೆ ನಾನು ಹೊಸ್ತಿಲು ದಾಟಿದ್ದೇ ಇಲ್ಲ. ಬಸ್ಸಿನ ಕಂಬಿ, ಲೈಬ್ರರಿಯ ಪುಸ್ತಕ, ಇನ್ನೊಬ್ಬರ ಪೆನ್ನು, ಯಾವುದನ್ನು ಮುಟ್ಟಿದರೂ ಒಮ್ಮೆ ಉಜ್ಜಿಕೊಳ್ಳಬೇಕು. ಬೆರಳಿನ ಸಂದಿಯಲ್ಲಿ ಚರ್ಮ ಬಿರಿದಿದೆ. ಉರಿದರೆ ಒಂದು ಧೈರ್ಯ, ಕೆಲಸ ಮಾಡುತ್ತಿದೆ ಎಂದು.

ಇವತ್ತು ರೂಮಿನ ಬೀಗಕ್ಕೆ ಹಚ್ಚುತ್ತಿದ್ದೆ.

“ಎಂತ ಮಾರಾಯ್ತಿ, ಬೀಗಕ್ಕೂ ಅಭಿಷೇಕವಾ?” ಎಂದಳು ತೃಷಾ.

“ನಗು ನಗು. ನಿನಗೆ ಬಂದಾಗ ಗೊತ್ತಾಗ್ತದೆ.”

“ನನಗೆ ಬಂದ್ರೆ ನೀನು ನನ್ನ ಮೇಲೆಯೇ ಅದನ್ನು ಹೊಯ್ತೀ. ಗ್ಯಾರಂಟಿ.”

ನನಗೆ ಈಗ ಇದು ಬರಲೇಬಾರದು. ಪೂರ್ಣಕ್ಕನ ಬಾಬೆ ಮನೆಗೆ ಬಂದಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿ ಮಂಗಳೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಣ್ಣು. ನಾನು ನೋಡಿದ್ದು ಗಾಜಿನ ಈಚೆಯಿಂದ ಮಾತ್ರ, ಅಂಗೈಯಷ್ಟೇ ಬೆನ್ನು. ಹನ್ನೆರಡನೆಯ ದಿನ ಆಗಬೇಕಿದ್ದ ನಾಮಕರಣ, ತೊಟ್ಟಿಲು ಎಲ್ಲ ಮುಂದೆ ಹೋಗಿ ಈಗ ಇಪ್ಪತ್ತೆರಡನೇ ತಾರೀಕು, ಗುರುವಾರಕ್ಕೆ ನಿಂತಿದೆ. ತೊಟ್ಟಿಲಿಗೆ ಹಾಕುವಾಗ ಮೊದಲು ಎತ್ತಿಕೊಳ್ಳುವವಳು ಚಿಕ್ಕಮ್ಮನೇ ಆಗಬೇಕು ಎಂದು ಅಕ್ಕ ಹೇಳಿದ್ದಾಳೆ. ಅಂದರೆ ನಾನು.

ಜನವರಿ 14, ಬುಧವಾರ

ತೃಷಾಳಿಗೆ ಬಂತು. ಸಂಜೆ ಬಕೆಟಿನ ಮುಂದೆ ಕೂತವಳು ಏಳಲೇ ಇಲ್ಲ. ನಾನು ಸ್ಟಡಿ ಹಾಲಿಗೆ ಬಂದು ಕೂತಿದ್ದೇನೆ. ಓಆರ್‌ಎಸ್ ಪ್ಯಾಕೆಟನ್ನು ಬಾಗಿಲ ಹೊರಗೆ ಇಟ್ಟು ಫೋನ್ ಮಾಡಿ ಹೇಳಿದೆ. “ಥ್ಯಾಂಕ್ಸ್ ಡಾಕ್ಟ್ರೇ” ಎಂದಳು, ದನಿಯೇ ಇರಲಿಲ್ಲ. ಹಾಸಿಗೆ ಇಲ್ಲಿಗೇ ತಂದುಕೊಳ್ಳಬಹುದಾ ಎಂದು ವಾರ್ಡನನ್ನು ಕೇಳಿದ್ದೇನೆ. ಇದು ಸ್ವಾರ್ಥ ಅಲ್ಲ. ಬಾಬೆಗಾಗಿ. ಬಾಬೆಗಾಗಿಯೇ.

ಬಾಟಲಿ ಅರ್ಧ ಖಾಲಿ.

ಜನವರಿ 15, ಗುರುವಾರ

ನನಗೂ.

ಜನವರಿ 17, ಶನಿವಾರ

ಈಗ ಕೂರಲು ಆಗುತ್ತದೆ. ಬೆಳಿಗ್ಗೆ ಗಂಜಿ ಹೊಟ್ಟೆಯಲ್ಲಿ ನಿಂತಿತು.

ಗುರುವಾರದ ನೆನಪು ತುಂಡು ತುಂಡು. ನಾನು ಹಾಸಿಗೆಯ ಮೇಲೆಯೇ ವಾಂತಿ ಮಾಡಿದ್ದು ಗೊತ್ತು. ಹಿಂದಿನ ದಿನವಷ್ಟೇ ಏಳಲಾಗದೆ ಬಿದ್ದಿದ್ದ ತೃಷಾ ಗೋಡೆ ಹಿಡಿದುಕೊಂಡು ಬಂದು ಹಾಸಿಗೆವಸ್ತ್ರ ಎಳೆದು ತೆಗೆದದ್ದು ಗೊತ್ತು. “ಮುಟ್ಟಬೇಡ” ಎಂದೆ. “ಇನ್ನೆಂತ ಬರ್ಲಿಕ್ಕೆ ಉಂಟು ನನಗೆ, ಬಂದು ಆಯ್ತಲ್ಲ” ಎಂದಳು. ಅವಳ ಬಾಗಿಲ ಹೊರಗೆ ಪ್ಯಾಕೆಟ್ ಇಟ್ಟು ಬಂದವಳು ನಾನು. ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಇವತ್ತು ಮಧ್ಯಾಹ್ನ ಆರೋಗ್ಯ ಕೇಂದ್ರದಿಂದ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ಪ್ರವೀತ್ ಸರ್, ನಮಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಮಲಯಾಳಂನಲ್ಲಿ ಹೇಳಿದರು. ಪರೀಕ್ಷೆಯ ವರದಿ ಬಾರದೆ ರೋಗದ ಹೆಸರು ಹೇಳುವುದಿಲ್ಲ, ಆದರೆ ಒಮ್ಮೆಗೇ ಹೀಗೆ ಹಬ್ಬಿದ್ದು ನೋಡಿದರೆ ನೋರೋ ಎಂಬ ವೈರಸ್ ಎಂದು ಸಂಶಯ. ನನ್ನ ಬಾಟಲಿ ಮೇಜಿನ ಮೇಲಿತ್ತು. ಅವರು ಅದನ್ನು ಎತ್ತಿ ನೋಡಿ ಮೆಲ್ಲ ಕೆಳಗಿಟ್ಟರು.

“ಈ ಜಾತಿಯ ವೈರಸ್ಸಿಗೆ ಇದು ಅಷ್ಟು ನಾಟುವುದಿಲ್ಲ. ಸೋಪು ಹಾಕಬೇಕು. ಸೋಪು ಕೂಡ ಅದನ್ನು ಕೊಲ್ಲುವುದಿಲ್ಲ, ಜಾರಿಸಿ ಕಳಿಸುತ್ತದೆ. ಹರಿಯುವ ನೀರು, ಚೆನ್ನಾಗಿ ಉಜ್ಜುವುದು, ಅಷ್ಟೇ ಮದ್ದು.”

“ಸೋಪು ವಾರ್ಡನಿಗೆ ದಿನಾ ಹಾಕ್ತೇವಲ್ಲ ನಾವು” ಎಂದು ತೃಷಾ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು. ನಗಲು ಹೋಗಿ ನನ್ನ ಹೊಟ್ಟೆ ಹಿಡಿದುಕೊಂಡಿತು.

ನಾನು ಎದ್ದು ಕೇಳಿದೆ. ಎಲ್ಲರ ಎದುರು ಎದ್ದು ಕೇಳುವವಳಲ್ಲ ನಾನು. “ಸರ್, ಕೈ ಸರಿಯಾಗಿ ತೊಳೆದರೆ ಬರುವುದೇ ಇಲ್ಲವಾ?”

“ಕಡಿಮೆ ಆಗ್ತದೆ. ಬರುವುದೇ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಪಕ್ಕದಲ್ಲೇ ಒಬ್ಬರು ವಾಂತಿ ಮಾಡುವಾಗ ನಿಮ್ಮ ಕೈ ಎಂತ ಮಾಡ್ತದೆ? ಮತ್ತೆ ನಿಮ್ಮ ಅಡುಗೆಮನೆ ನೋಡಿ ಬಂದೆ. ಜೀರಿಗೆ ಹಾಕಿ ನೀರು ಕುದಿಸ್ತಾರೆ, ಬೇಗ ತಣಿಯಲಿ ಅಂತ ಅದಕ್ಕೆ ಟ್ಯಾಂಕಿಯ ತಣ್ಣೀರು ಸೇರಿಸ್ತಾರೆ. ಕುದಿಸಿದ್ದು ಯಾಕೆ ಮತ್ತೆ?”

ಎಲ್ಲರೂ ತಮ್ಮ ಗ್ಲಾಸು ನೋಡಿಕೊಂಡರು. ನಾವು ಮನೆಯಲ್ಲೂ ಹಾಗೆಯೇ ಮಾಡುವುದು.

ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಹೋಗಿ ಮತ್ತೆ ಕೇಳಿದೆ. ಮನೆಯಲ್ಲಿ ಬಾಬೆ ಉಂಟು ಸರ್, ಬೇಗ ಹುಟ್ಟಿದ್ದು, ತೂಕ ಕಡಿಮೆ. ಅವರು ಬೈಕಿನ ಕೀಲಿ ತಿರುಗಿಸುವುದನ್ನು ನಿಲ್ಲಿಸಿದರು. ಈಗ ಅವರದು ಹರಕು ಕನ್ನಡ, ಮಗಳೇ ಎನ್ನುವಲ್ಲಿ ಮಾತ್ರ ಮಲಯಾಳಂ.

“ನೀನು ಗುಣ ಆದೆ. ವೈರಸ್ ನಿನ್ನ ಹೊಟ್ಟೆಯಿಂದ ಪೂರ್ತಿ ಹೋಗಲಿಕ್ಕೆ ಎರಡು ವಾರ, ಇನ್ನೂ ಹೆಚ್ಚೂ ಆಗಬಹುದು. ದೊಡ್ಡವರಿಗಾದರೆ ಎರಡು ದಿನ ಬಿಟ್ಟು ಸೋಪು ಹಾಕಿ ತೊಳೆದರೆ ಸಾಕು ಅಂತ ಹೇಳ್ತಿದ್ದೆ. ಆ ಬಾಬೆಯನ್ನು ಎತ್ತಬೇಡ. ಬೇರೆ ಬಾತ್‌ರೂಮು, ಬೇರೆ ಟವೆಲು, ಬೇರೆ ತಟ್ಟೆ. ಆಯ್ತಾ ಮೋಳೆ?”

ಎಷ್ಟು ಸಲ ತೊಳೆದರೆ ಎತ್ತಬಹುದು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಜನವರಿ 18, ಭಾನುವಾರ

ಹಾಸ್ಟೆಲನ್ನು ನಾಳೆಯಿಂದ ಒಂದು ವಾರ ಮುಚ್ಚುತ್ತಾರೆ, ಟ್ಯಾಂಕಿ ತೊಳೆದು ಬ್ಲೀಚಿಂಗ್ ಹಾಕಲು. ಎಲ್ಲಿಗೆ ಹೋಗಲಿ? ತೃಷಾಳ ಮನೆಯಲ್ಲಿ ಅವಳ ಅಣ್ಣನ ಚಿಕ್ಕ ಮಕ್ಕಳು. ಹೊಟ್ಟೆಯೊಳಗೆ ಇದನ್ನು ಇಟ್ಟುಕೊಂಡು ಮಕ್ಕಳಿಲ್ಲದ ಮನೆ ಹುಡುಕುತ್ತಾ ಎಷ್ಟು ದೂರ ಹೋಗುವುದು?

ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಎರಡು ವಾರ, ಬೇರೆ ಬಾತ್‌ರೂಮು, ಎಲ್ಲ.

“ಗುಣ ಆಯ್ತಲ್ಲ, ಮತ್ತೆಂತ? ಕೈ ತೊಳೆದುಕೊಂಡ್ರೆ ಮುಗೀತು. ತೊಳೆದು ತೊಳೆದು ಚರ್ಮ ಸುಲಿದುಕೊಂಡವಳು ನೀನು. ನಿನ್ನ ಕೈಯಲ್ಲಿ ಯಾವ ಕ್ರಿಮಿ ಉಳೀತದೆ?”

ಹಿಂದಿನಿಂದ ಅಜ್ಜಿ: “ಹಾಸ್ಟೆಲಿನ ಅನ್ನ ತಿಂದ್ರೆ ಹೊಟ್ಟೆ ಕೆಡದೆ ಇರ್ತದಾ? ಬರ್ಲಿಕ್ಕೆ ಹೇಳು, ಒಂದು ಕಷಾಯ ಕುಡಿದ್ರೆ ಸರಿ ಆಗ್ತದೆ.”

ಅವರ ತಪ್ಪಲ್ಲ. ಹತ್ತನೇ ಕ್ಲಾಸಿನಲ್ಲಿ ನನಗೆ ರೇಬೀಸ್ ಬಂದಿದೆ ಎಂದು ಅತ್ತಿದ್ದೆ. ನಾಯಿ ಕಚ್ಚಿರಲಿಲ್ಲ, ನೋಡಿತ್ತು ಅಷ್ಟೇ. ಹಾಗೆ ಅತ್ತವಳ ಮಾತಿಗೆ ಈಗ ಯಾರು ಬೆಲೆ ಕೊಡುತ್ತಾರೆ? ಹೆದರಬೇಕಾದದ್ದು ಬರುವ ಮೊದಲೇ ನನ್ನ ಹೆದರಿಕೆಯನ್ನೆಲ್ಲ ಖರ್ಚು ಮಾಡಿಬಿಟ್ಟೆ.

ಜನವರಿ 19, ಸೋಮವಾರ. ಮನೆ

ಒಂದು ಸುಳ್ಳು ಹೇಳಿದೆ. ಮೊದಲೇ ಯೋಚಿಸಿ ಹೇಳಿದ್ದಲ್ಲ.

ಕುಂಬಳೆಯಲ್ಲಿ ಒಳಊರಿನ ಬಸ್ಸು ಹಿಡಿದು ಮನೆಯ ಹತ್ತಿರ ಇಳಿದಾಗ ಹತ್ತು ಗಂಟೆಯ ಬಿಸಿಲು. ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ನಿಂತಿದ್ದೆ, ನನಗೆ ತಾಗಬಾರದೆಂದಲ್ಲ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಕಾಲ ಮೇಲೆ ಹಳೆ ಸೀರೆಯ ಮೆತ್ತೆ, ಅದರಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಬಾಬೆ. ಗಾಜು ಇಲ್ಲ ಈಗ. ತುಟಿ ಎಷ್ಟು ಚಿಕ್ಕದು!

“ಬಂದೆಯಾ? ಬಾ, ಬಾಬೆ ನಿನ್ನನ್ನೇ ಕಾದು ಕೂತಿದೆ. ಎತ್ತಿಕೊ.”

“ಅಜ್ಜಿ, ನನಗೆ ಮೊನ್ನೆ ವಾಂತಿ...”

“ಗೊತ್ತುಂಟು. ಕೈಕಾಲು ತೊಳೆದು ಬಾ.”

ಒಳಗಿನಿಂದ ಅಮ್ಮ: “ಅಲ್ಲೇ ಹೊರಗೆ ನಳ್ಳಿ ಉಂಟಲ್ಲ ವಾಣಿ, ಎಷ್ಟು ಬೇಕೋ ಅಷ್ಟು ತೊಳೆ!”

ಅಜ್ಜಿ ಆಗಲೇ ಮೆತ್ತೆಸಮೇತ ಬಾಬೆಯನ್ನು ನನ್ನ ಕಡೆಗೆ ಎತ್ತಿದ್ದರು. ಬಾಬೆ ಆಕಳಿಸಿತು. ಇನ್ನು ಅರೆಕ್ಷಣವಾಗಿದ್ದರೆ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು.

“ನಾನು ಹೊರಗೆ” ಎಂದುಬಿಟ್ಟೆ.

ನಮ್ಮ ಮನೆಮಾತಿನಲ್ಲಿ ಅದಕ್ಕೆ ‘ಹೆರ’ ಎನ್ನುವುದು. ಆ ಮಾತನ್ನು ಬರೆಯಲು ನನಗೆ ಯಾರೂ ಕಲಿಸಿಲ್ಲ, ಹಾಗಾಗಿ ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ. ತಿಂಗಳ ಆ ಮೂರು ದಿನ ಹೊರಗೆ ಕೂರುವುದು, ಯಾರನ್ನೂ ಯಾವುದನ್ನೂ ಮುಟ್ಟದೆ. ಅಜ್ಜಿಯ ಕೈ ಥಟ್ಟನೆ ಹಿಂದೆ ಸರಿಯಿತು. ಸಿಟ್ಟಿಲ್ಲ, ಪ್ರಶ್ನೆ ಇಲ್ಲ. ಒಂದೇ ಮಾತಿಗೆ ಎಲ್ಲವೂ ತೀರ್ಮಾನವಾಯಿತು. ಬದಿಯ ಕೋಣೆ, ಅದಕ್ಕೇ ಸೇರಿದ ಬಾತ್‌ರೂಮು, ಚಾಪೆ, ತಟ್ಟೆ, ಚೊಂಬು, ಟವೆಲು. ಎಲ್ಲ ಬೇರೆ. ಪ್ರವೀತ್ ಸರ್ ಬೈಕಿನ ಮೇಲೆ ಕೂತು ಹೇಳಿದ ಒಂದೊಂದೂ. ನೆಂಟರಿಗೆಂದು ಕಟ್ಟಿಸಿದ ಈ ಕೋಣೆಯಲ್ಲಿ ಅಪ್ಪ ವ್ಯಾಯಾಮಕ್ಕೆ ತಂದ, ಯಾರೂ ತುಳಿಯದ ಸೈಕಲ್ ನಿಂತಿದೆ. ಟವೆಲು ಒಣಗಿಸಲು ಆಗುತ್ತದೆ.

“ಬುಧವಾರಕ್ಕೆ ಮೂರು ದಿನ. ಗುರುವಾರ ಬೆಳಿಗ್ಗೆ ತಲೆಗೆ ಮಿಂದ್ರೆ ತೊಟ್ಟಿಲಿಗೆ ಸರಿಯಾಯ್ತು” ಎಂದು ಅಜ್ಜಿ ಬೆರಳು ಮಡಚಿ ಸಮಾಧಾನಪಟ್ಟರು.

ಅಕ್ಕ ಬಾಗಿಲ ಸಂದಿಯಿಂದ ನನ್ನನ್ನು ವಿಚಿತ್ರವಾಗಿ ನೋಡಿದಳು. ಯಾಕೆಂದು ನನಗೆ ಗೊತ್ತು. ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಇದೇ ಕೋಣೆಯ ವಿಷಯಕ್ಕೆ ನಾನು ದೊಡ್ಡ ಜಗಳ ಮಾಡಿದ್ದೆ, ಅರ್ಧ ಇಂಗ್ಲಿಷಿನಲ್ಲಿ. ಅಜ್ಜಿಗೆ ಅರ್ಥವಾಗದ ಅರ್ಧ ಅದು. ಆಗ ಪೂರ್ಣಕ್ಕ ಬಂದು ನನ್ನ ಚಾಪೆಯಲ್ಲಿ ಕೂತು ನನ್ನ ತಟ್ಟೆಯಿಂದಲೇ ಉಂಡಿದ್ದಳು. ಆಮೇಲೆ ಈ ಮನೆಯಲ್ಲಿ ನಾವಿಬ್ಬರೂ ಹೊರಗೆ ಕೂತದ್ದಿಲ್ಲ. ಇವತ್ತಿನವರೆಗೆ.

ಜನವರಿ 20, ಮಂಗಳವಾರ

ಗೋಡೆಯ ಆಚೆ ಅಕ್ಕನ ಕೋಣೆ. ಬಾಬೆಯ ಅಳು ಕೇಳುತ್ತದೆ, ಎಣ್ಣೆ ಬಿಡದ ಬಾಗಿಲಿನ ಹಾಗೆ ಸಣ್ಣಗೆ. ಬಿಕ್ಕಳಿಕೆ ಬಂದರೂ ಗೊತ್ತಾಗುತ್ತದೆ. ಹಾಲು ಸಿಕ್ಕಿದ ಕೂಡಲೇ ಮೌನ. ಬೆಳಿಗ್ಗೆಯಿಂದ ಇದೇ ನನ್ನ ಕೆಲಸ, ಕೇಳುವುದು.

ಅಜ್ಜಿ ಅಂಗಳದಲ್ಲಿ ದೂರ ಕೂತು ಬತ್ತಿ ಹೊಸೆಯುತ್ತಾ ಮಾತಾಡಿದರು.

“ಮೊದಲು ಇದಕ್ಕೆ ಎಷ್ಟು ಗಲಾಟೆ ನಿನ್ನದು! ಈಗ ಬುದ್ಧಿ ಬಂತು.”

“ಹಾಗೆ ಅಲ್ಲ ಅಜ್ಜಿ.”

“ಮತ್ತೆ ಹೇಗೆ?”

ನಾನು ಒಳಗೆ ಬಂದು ಪುಸ್ತಕ ತೆಗೆದೆ. ಇದನ್ನು ಇಲ್ಲಿಯಾದರೂ ಸರಿಯಾಗಿ ಬರೆದಿಡಬೇಕು. ಅಜ್ಜಿಯ ಕ್ರಮ ಸರಿ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆ ಕ್ರಮಕ್ಕೆ ವೈರಸ್ ಗೊತ್ತಿಲ್ಲ. ಯಾವ ರೋಗವೂ ಇಲ್ಲದವಳನ್ನು ಅದು ಹೊರಗೆ ಕೂರಿಸುತ್ತದೆ. ರೋಗ ಇರುವವಳಿಗೆ ನಾಲ್ಕನೇ ದಿನ ತಲೆಗೆ ಮೀಯಿಸಿ ಮಗುವನ್ನು ಕೊಡುತ್ತದೆ. ನನಗೆ ಬೇಕಾಗಿದ್ದದ್ದು ಒಂದು ಬಾಗಿಲು, ಈ ಮನೆಯಲ್ಲಿ ಇದ್ದದ್ದು ಇದೊಂದೇ. ಆದರೆ ನಾನು ಅದರೊಳಗೆ ಹೋದದ್ದನ್ನು ಕಂಡು ಅಜ್ಜಿಗೆ ಸಂತೋಷವಾಗಿದೆ. ನಾಳೆ ಇನ್ನೊಬ್ಬಳನ್ನು, ಈ ಬಾಬೆಯನ್ನೇ, ಇಲ್ಲಿ ಕೂರಿಸುವಾಗ ನಿನ್ನ ಚಿಕ್ಕಮ್ಮನೂ ಕೂತಿದ್ದಳು ಎನ್ನುತ್ತಾರಾ?

ಬಟ್ಟೆಯನ್ನು ನಾನೇ ಬಿಸಿನೀರಿನಲ್ಲಿ ಒಗೆದೆ. ಬಾತ್‌ರೂಮಿಗೆ ಬ್ಲೀಚಿಂಗ್ ಪುಡಿ ಹಾಕಿದೆ. ಪಾಯಸ ಕಲಕಲು ಬರುವೆಯಾ ಎಂದು ಅಮ್ಮ ಮರೆತು ಕರೆದಳು, ಆಮೇಲೆ ತಾನೇ ನಕ್ಕಳು.

ಸಂಜೆ ತೃಷಾಳ ವಾಯ್ಸ್ ಮೆಸೇಜ್: “ಏ ಡಾಕ್ಟ್ರೇ, ನಿನ್ನ ಬಾಟಲಿ ನನ್ನ ಬ್ಯಾಗಿನಲ್ಲಿ ಬಂದಿದೆ ಮಾರಾಯ್ತಿ. ಅದಿಲ್ಲದೆ ಎರಡು ದಿನ ಹೇಗೆ ಬದುಕಿದೆ ನೀನು?”

ಬಾಟಲಿ ಇಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಪೆನ್ನಿನ ಕಲೆ ತೆಗೆಯಲು ಒಳ್ಳೆಯದು, ಇಟ್ಟುಕೊ ಎಂದೆ. ಆಮೇಲೆ, ಬುಧವಾರ ನಿನ್ನನ್ನು ಒಬ್ಬಳನ್ನೇ ಬಿಟ್ಟದ್ದಕ್ಕೆ ಸಾರಿ ಎಂದೂ ಹೇಳಿದೆ. “ಓ, ಅದಾ! ಸಾಲ ತೀರಿಸು, ಗೋಳಿಬಜೆ ಕೊಡಿಸು” ಎಂದಳು.

ಜನವರಿ 21, ಬುಧವಾರ

ಮಧ್ಯಾಹ್ನ ಊಟ ಆಗಿ ಅಜ್ಜಿ ಮಲಗಿದ್ದರು. ಬಾಗಿಲು ದೂಡಿಕೊಂಡು ಪೂರ್ಣಕ್ಕ ಒಳಗೇ ಬಂದಳು. ತೋಳಿನಲ್ಲಿ ಬಾಬೆ.

“ಅಜ್ಜಿ ಏಳುವ ಮೊದಲು ಎತ್ತಿಕೊ. ನನಗೆ ಅದೆಲ್ಲ ಇಲ್ಲ ಅಂತ ನಿನಗೆ ಗೊತ್ತುಂಟಲ್ಲ.”

ನಾನು ಗೋಡೆಗೆ ಒರಗಿದೆ. “ಬೇಡ ಅಕ್ಕ.”

“ಎಂತ ಬೇಡ? ಅಜ್ಜಿಗೆ ಬೇಜಾರಾಗ್ತದೆ ಅಂತ ಕೂತಿದ್ದೀಯಾ? ನಾಳೆ ಆ ನೆಂಟರ ಮುಂದೆ ಎತ್ತುವುದು ಬೇರೆ. ಇದು ನನ್ನ ಲೆಕ್ಕ. ನೋಡು, ಕಣ್ಣು ಬಿಟ್ಟಿದೆ.”

ಬಿಟ್ಟಿತ್ತು. ನನ್ನನ್ನಲ್ಲ, ನನ್ನ ಹಿಂದಿನ ಕಿಟಕಿಯ ಬೆಳಕನ್ನು ನೋಡುತ್ತಿತ್ತು. ಅದರ ಬಾಯಿಯ ಅಂಚಿನಲ್ಲಿ ಸ್ವಲ್ಪ ಹಾಲು ಹೊರಗೆ ಬಂತು. ಅಕ್ಕ ಒರೆಸಲು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡಳು. ಸೈಕಲಿನ ಮೇಲಿದ್ದ ನನ್ನ ಟವೆಲು.

“ಮುಟ್ಟಬೇಡ!”

ಅಷ್ಟು ದೊಡ್ಡದಾಗಿ ನಾನು ಈವರೆಗೆ ಕಿರುಚಿಲ್ಲ. ಟವೆಲು ಕಸಿದುಕೊಂಡೆ. ಬಾಬೆಗೆ ತಾಗಿರಲಿಲ್ಲ. ತಾಗಿರಲಿಲ್ಲ, ನಾನು ನೋಡಿದ್ದೇನೆ. ಬಾಬೆ ಬೆಚ್ಚಿ ಅಳತೊಡಗಿತು. ಅಕ್ಕನ ಮುಖ ಕೆಂಪಾಯಿತು.

“ಮುಟ್ಟಬೇಡ ಅಂತ ನೀನು ಹೇಳುವುದಾ? ನಿನ್ನ ಎಂಜಲು ಉಂಡವಳು ನಾನು ವಾಣಿ.”

ನಾನು ಹೇಳಬೇಕಾಗಿದ್ದದ್ದು ಒಂದು ವಾಕ್ಯ. ಬಾಯಿಗೆ ಬಂದದ್ದು “ಹೋಗು, ಕೈ ತೊಳೆ, ಮೊದಲು ಕೈ ತೊಳೆ.” ಅವಳು ಹೋದಳು. ಆಚೆಯ ಬಾಗಿಲು ಹಾಕಿಕೊಂಡ ಸದ್ದು. ನಳ್ಳಿಯ ಸದ್ದು ಕೇಳಲಿಲ್ಲ. ಬಾಬೆಯ ಅಳು ನಿಂತಿತು. ಅಂದರೆ ಹಾಲು ಕೊಡುತ್ತಿದ್ದಾಳೆ.

ಗೋಡೆ ಬಡಿದು ಕೂಗಿದೆ. ಬಂದದ್ದು ಅಮ್ಮ.

“ಎಂತ ನಿನ್ನ ಗಲಾಟೆ? ಬಾಬೆ ಮಲಗ್ಲಿಕ್ಕಿಲ್ಲವಾ?”

“ಅಕ್ಕನಿಗೆ ಸೋಪು ಹಾಕಿ ಕೈ ತೊಳೀಲಿಕ್ಕೆ ಹೇಳು ಅಮ್ಮ, ಈಗಲೇ.”

“ನಿನ್ನದು ಯಾವತ್ತೂ ಇದೇ ರಾಗ” ಎಂದು ಹೊರಟೇಹೋದಳು.

ಅಕ್ಕ ಫೋನ್ ಎತ್ತುತ್ತಿಲ್ಲ. ಒಂದು ಪುಟ ಹರಿದು ಬಾಗಿಲ ಕೆಳಗೆ ತೂರಿಸೋಣವೆಂದರೆ ಕಾಗದವೂ ನಾನು ಮುಟ್ಟಿದ್ದೇ. ಅದಕ್ಕೆ ಇಲ್ಲೇ ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಹಾಸ್ಟೆಲಿನಲ್ಲಿ ಯಾರೂ ಓದಲಾರದ ಈ ಪುಸ್ತಕವನ್ನು ಓದಬಲ್ಲವಳು ಈ ಮನೆಯಲ್ಲಿ ಇದ್ದಾಳೆ, ಅದೊಂದು ಪುಣ್ಯ.

ಪೂರ್ಣಕ್ಕ,

ನಾನು ಹೊರಗೆ ಅಲ್ಲ. ಅದು ಸುಳ್ಳು. ನನಗೆ ಬಂದದ್ದು ಹೊಟ್ಟೆಯ ವೈರಸ್, ಅಮ್ಮನಿಗೆ ಹೇಳಿದ್ದನ್ನು ನಿನಗೆ ಹೇಳದೆ ಉಳಿದದ್ದು ನನ್ನ ತಪ್ಪು. ಗುಣವಾದರೂ ನನ್ನಿಂದ ಬಾಬೆಗೆ ಹರಡಬಹುದು ಎಂದು ಹೆಲ್ತ್ ಇನ್ಸ್‌ಪೆಕ್ಟರ್ ಹೇಳಿದ್ದಾರೆ. ಅವರ ನಂಬರ್ ಹಾಸ್ಟೆಲಿನ ಗುಂಪಿನಲ್ಲಿ ಉಂಟು, ಕೆಳಗೆ ಕಳಿಸುತ್ತೇನೆ, ನೀನೇ ಕೇಳು. ಇದು ರೇಬೀಸಿನ ಹಾಗಲ್ಲ. ನನಗೆ ಏನಾದೀತು ಎಂದು ಹೆದರಿ ಬರೆಯುತ್ತಿಲ್ಲ.

ನಾಳೆ ನಾನು ಎತ್ತುವುದಿಲ್ಲ. ಹೊರಗೆ ಎಂದು ಇನ್ನೊಮ್ಮೆ ಹೇಳುವುದೂ ಇಲ್ಲ. ಅಜ್ಜಿಗೆ ನಾನೇ ನಿಜ ಹೇಳುತ್ತೇನೆ, ಬೈದರೆ ಬೈಯಲಿ. ಕಿಟಕಿಯ ಈಚೆ ನಿಂತು ನೋಡುತ್ತೇನೆ, ಗಾಜಿನ ಈಚೆಯಿಂದ ನೋಡಿ ಅಭ್ಯಾಸ ಉಂಟು. ಫೆಬ್ರವರಿಯಲ್ಲಿ ಬಂದು ಎತ್ತುತ್ತೇನೆ, ಆಗ ನೀನೇ ಸಾಕು ಎನ್ನುವಷ್ಟು.

ನೀನು ಬಾಬೆಯನ್ನು ಕರೆದುಕೊಂಡು ಬಂದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

ಈಗ ಒಂದೇ ಪ್ರಶ್ನೆ. ನನ್ನ ಟವೆಲು ಹಿಡಿದ ಮೇಲೆ ಸೋಪು ಹಾಕಿ ಕೈ ತೊಳೆದೆಯಾ, ಇಲ್ಲವಾ? ಇಲ್ಲವಾದರೆ ಬಾಬೆಯನ್ನು ಅಮ್ಮನ ಹತ್ತಿರ ಕೊಟ್ಟು ಈಗಲೇ ತೊಳೆ, ಬೆರಳ ಸಂದಿಯನ್ನೂ. ಮೈಗೆ ತಾಗಿದ್ದರೆ ಸೀರೆಯನ್ನೂ ಬದಲಿಸು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಬೇರೆ ಎಂತದೂ ಬರೆಯಬೇಡ. ತೊಳೆದೆ ಅಥವಾ ಇಲ್ಲ, ಅಷ್ಟೇ.

ಬೇಗ ಉತ್ತರ ಕೊಡು.